ಅಮ್ಮನ ಪಥ್ಯ

ಅಡುಗೆಮನೆಯಲ್ಲಿ ಹೆಂಡತಿ ನಿಂತಿದ್ದಳು. ಹೊಸ್ತಿಲಲ್ಲಿ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದ ಲಿಫ್ಟ್ ಮೆಕ್ಯಾನಿಕ್ಕಿಗೆ ಅವಳ ಬೆನ್ನು ಕಂಡಿತು. ಬೂದು ಸ್ವೆಟರು, ಕತ್ತಿನ ಹಿಂದೆ ಎದ್ದ ಮೂಳೆ, ಒಲೆಯ ಉರಿ ತಗ್ಗಿಸಲು ಬಗ್ಗುವಾಗ ಎಡಗೈಯನ್ನು ಹೊಟ್ಟೆಗೆ ಒತ್ತಿಕೊಳ್ಳುವ ಅದೇ ರೀತಿ. ಅವಳು ತೀರಿಕೊಂಡು ವರ್ಷದ ಮೇಲಾಗಿತ್ತು. ಲೇಸು ಅವನ ಬೆರಳಲ್ಲೇ ಉಳಿಯಿತು.

"ಯಾಕಪ್ಪ ಹಂಗೆ ನೋಡ್ತಿದೀಯ?" ಎಂದು ತಿರುಗಿದಾಗ ಅದು ಮಗಳು.

ಸ್ವೆಟರು ಅಮ್ಮನದೇ. ಹಿಂದಿನ ಚಳಿಗಾಲದಲ್ಲಿ ತೋಳು ಬಿಗಿಯಾಗುತ್ತದೆಂದು ಮಗಳು ಅದನ್ನು ಮಡಚಿಟ್ಟಿದ್ದಳು. ಈಗ ಅದು ಭುಜದಿಂದ ಜಾರುತ್ತಿತ್ತು.

"ಏನಿಲ್ಲ ಪುಟ್ಟಿ. ಏನು ಮಾಡ್ತಿದೀಯ?"

"ಗಂಜಿ."

ಆ ಅಡುಗೆಮನೆಯಲ್ಲಿ ಇನ್ನೂ ಸತ್ತವಳ ಮಾತೇ ನಡೆಯುತ್ತಿತ್ತು. ಅವಳಿಗಿದ್ದದ್ದು ಕರುಳಿನ ಉರಿಯೂತದ ಕಾಯಿಲೆ. ಗುಳಿಗೆಗಳಿಂದ ಹತೋಟಿಗೂ ಬಂದಿತ್ತು. ಆಮೇಲೆ ಫೋನಿನ ವಿಡಿಯೋದಲ್ಲಿ ಸಲಹೆ ಕೊಡುವವನೊಬ್ಬ ಸಿಕ್ಕ. ನಿಮ್ಮ ಕರುಳು ಜರಡಿಯಾಗಿದೆ, ತಿಂದದ್ದೆಲ್ಲ ಸೋರಿ ರಕ್ತಕ್ಕೆ ವಿಷ ಸೇರುತ್ತಿದೆ, ಗುಳಿಗೆಯಿಂದ ತೂತು ಇನ್ನೂ ದೊಡ್ಡದಾಗುತ್ತದೆ ಎಂದ. ಮೊದಲು ಹಾಲು ಬಿಟ್ಟಳು. ಆಮೇಲೆ ಗೋಧಿ, ಬೇಳೆ, ಮೊಟ್ಟೆ. ಒಂದೊಂದು ಬಿಟ್ಟಾಗಲೂ ಸ್ವಲ್ಪ ದಿನ ಮೈ ಹಗುರವೆನಿಸುತ್ತಿತ್ತು. ಅವನು ಹೇಳಿದ್ದು ನಿಜ ಎನ್ನಲು ಅವಳಿಗೆ ಅಷ್ಟು ಸಾಕಾಯಿತು. ಕೊನೆಗೆ ಗುಳಿಗೆಯನ್ನೂ ಬಿಟ್ಟು ಗಂಜಿ, ಬೇಯಿಸಿದ ಕುಂಬಳಕಾಯಿ ಮತ್ತು ಕರುಳು ತೊಳೆಯುವ ಹಸಿರು ಪುಡಿಯ ಮೇಲೆ ಜೀವ ಹಿಡಿದಳು. ಪುಡಿಯ ಡಬ್ಬ ಮುಗಿದಾಗಲೆಲ್ಲ ಗಂಡನೇ ತಂದುಕೊಟ್ಟಿದ್ದ. ಕಾಯಿಲೆ ಮರುಕಳಿಸಿ ಸೋಂಕು ಹತ್ತಿದಾಗ ಅದನ್ನು ಎದುರಿಸಲು ಆ ಮೈಯಲ್ಲಿ ಏನೂ ಉಳಿದಿರಲಿಲ್ಲ.

ಅವಳು ಹೋದಮೇಲೂ ಆ ಮನೆಗೆ ಹಾಲು ಬರಲಿಲ್ಲ. ಬೇಡವೆಂದು ಯಾರೂ ಹೇಳಿರಲಿಲ್ಲ. ಅವನು ಕೆಲಸದ ಕಡೆ ಬ್ರೆಡ್ಡು, ಆಮ್ಲೆಟ್ಟು ತಿಂದು, ಮನೆಗೆ ಬರುವ ಮೊದಲು ಬೀದಿ ನಲ್ಲಿಯಲ್ಲಿ ಬಾಯಿ ತೊಳೆದುಕೊಳ್ಳುತ್ತಿದ್ದ. ಹಾಗೇಕೆ ಮಾಡುತ್ತೇನೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಪಕ್ಕದ ಬೀದಿಯಲ್ಲಿದ್ದ ಅವನ ಅಕ್ಕ ಮಾತ್ರ ಸುಮ್ಮನಿರುವವಳಲ್ಲ. ಒಂದು ಭಾನುವಾರ ಬಂದು ಗಂಜಿಯ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು.

"ಇದೇನೇ ಇದು, ಬಟ್ಟೆಗೆ ಹಾಕೋದಾ, ಹೊಟ್ಟೆಗೆ ಹಾಕೋದಾ?"

"ಊಟ ಬಲ್ಲವನಿಗೆ ರೋಗವಿಲ್ಲ ಅಂತ ಅಮ್ಮ ಹೇಳ್ತಿದ್ಳು ಅತ್ತೆ."

"ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾನೂ ಇದೆ. ನಿಮ್ಮಮ್ಮನಿಗೆ ಮೊದಲನೇದು ಬರಲಿಲ್ಲ, ನನಗೆ ಎರಡನೇದು ಬರಲ್ಲ." ಹೇಳಿದ ಮೇಲೆ ಅತ್ತೆಯ ಮುಖವೇ ಸಣ್ಣದಾಯಿತು. ತಂದಿದ್ದ ಹಾಲಿನ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದಳು. ಅದು ಒಡೆದು ಹುಳಿ ವಾಸನೆ ಬರುವವರೆಗೂ ಅಲ್ಲೇ ಇತ್ತು.

ಮಗಳಿಗೆ ಕೆಲಸ ಚಪ್ಪಲಿ ಅಂಗಡಿಯಲ್ಲಿ. ಒಂದು ಮಧ್ಯಾಹ್ನ ಮೇಲಿನ ಅಟ್ಟದಿಂದ ಡಬ್ಬ ಇಳಿಸುತ್ತಿದ್ದವಳು ಏಣಿಯಿಂದ ಬಿದ್ದಳು. ಅಪ್ಪ ಓಡಿಬಂದಾಗ ಬೂಟು ಹಾಕಿಸಿ ನೋಡುವ ಪುಟ್ಟ ಬೆಂಚಿನ ಮೇಲೆ ಅವಳನ್ನು ಮಲಗಿಸಿದ್ದರು. ಅವನು ಎತ್ತಿಕೊಂಡ. ಆ ಭಾರ ಅವನ ತೋಳುಗಳಿಗೆ ಗೊತ್ತಿತ್ತು. ಆಸ್ಪತ್ರೆಯ ಹಾಸಿಗೆಯಿಂದ ಕೊನೆಯ ಸಲ ಹೆಂಡತಿಯನ್ನು ಎತ್ತಿದಾಗಲೂ ಇಷ್ಟೇ ಇತ್ತು.

ಹೆಂಡತಿಯನ್ನು ನೋಡಿದ್ದ ಡಾಕ್ಟರಮ್ಮನ ಬಳಿಗೇ ಕರೆದೊಯ್ದ. ತಾಯಿಯ ಕಾಯಿಲೆ ಮಗಳಿಗೂ ಇರಬಹುದೆಂದು ಆಕೆ ಮೇಲಿನಿಂದಲೂ ಕೆಳಗಿನಿಂದಲೂ ಕೊಳವೆ ಇಳಿಸಿ ನೋಡಿದರು, ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ತೆಳು ಗುಲಾಬಿ ಬಣ್ಣದ, ಒತ್ತಾಗಿ ನಿಂತ ಸಣ್ಣ ಸಣ್ಣ ಬೆರಳುಗಳು.

"ಇದು ನಿನ್ನ ಸಣ್ಣ ಕರುಳಿನ ಚೂರು, ಸೂಕ್ಷ್ಮದರ್ಶಕದಲ್ಲಿ ಕಂಡ ಹಾಗೆ. ನಿಮ್ಮಮ್ಮನ ಕಾಯಿಲೆ ಇಲ್ಲಿಲ್ಲ."

"ತೂತು?"

"ಎಲ್ಲಿದೆ, ನೀನೇ ತೋರ್ಸು."

ಅವಳು ಪರದೆಯ ಹತ್ತಿರ ಬಾಗಿದಳು. ಬೆರಳುಗಳ ಅಂಚಿಗೆ ಹೊಲಿದ ಹಾಗೆ ಒಂದೇ ಸಾಲು ಚುಕ್ಕೆಗಳಿದ್ದವು.

"ಆ ಸಾಲು ಇದೆಯಲ್ಲ, ಒಂದೇ ಪದರ ಜೀವಕೋಶ. ನಿನಗೂ ನೀನು ತಿಂದಿದ್ದಕ್ಕೂ ಮಧ್ಯೆ ಇರೋದು ಅಷ್ಟೇ, ಮೇಲೊಂದಿಷ್ಟು ಲೋಳೆ."

"ಅಷ್ಟು ತೆಳ್ಳಗಾ? ಹಾಗಾದ್ರೆ ಸೋರುತ್ತೆ ತಾನೆ?"

"ಒಂದಿಷ್ಟು ದಾಟಲೇಬೇಕು ಕಣಮ್ಮ. ಏನೂ ಒಳಗೆ ಬರದಿದ್ರೆ ನೀನು ಬದುಕೋದು ಹೇಗೆ? ಯಾವುದನ್ನ ಬಿಡಬೇಕು, ಯಾವುದನ್ನ ತಡೀಬೇಕು ಅಂತ ಆ ಕೋಶಗಳ ಸಂದಿ ಬಿಗಿಯಾಗುತ್ತೆ, ಸಡಿಲ ಆಗುತ್ತೆ. ತಪ್ಪಿ ನುಗ್ಗಿದ್ದನ್ನ ಹಿಡಿಯೋಕೆ ಹಿಂದೆ ಕಾವಲು ಇದೆ. ಹಳೇ ಕೋಶ ಉದುರಿ ವಾರದೊಳಗೆ ಹೊಸದು ಬಂದಿರುತ್ತೆ. ಅದನ್ನ ಯಾರೂ ಪುಡಿ ಹಾಕಿ ತೊಳೀಬೇಕಾಗಿಲ್ಲ. ಅದಕ್ಕೆ ಬೇಕಾಗಿರೋದು ಊಟ. ಉಪವಾಸ ಕೆಡವಿದ್ರೆ ಈ ಬೆರಳುಗಳೇ ಸವೆಯುತ್ತವೆ."

"ಅಮ್ಮನದು ಸೋರ್ತಾ ಇರಲಿಲ್ವಾ? ಅವಳು ಸುಳ್ಳು ಹೇಳ್ತಿದ್ಳಾ?"

ಡಾಕ್ಟರಮ್ಮ ಕನ್ನಡಕ ತೆಗೆದರು. "ಇಲ್ಲ. ಅವಳ ನೋವು ನಿಜ. ಉರಿಯೂತ ಇದ್ದಾಗ ಆ ಸಂದಿಗಳು ಸಡಿಲ ಆಗೋದೂ ನಿಜ. ಉರಿಯೂತ ಇಳಿಸ್ತಿದ್ದ ಗುಳಿಗೆಯನ್ನೇ ಆ ವಿಡಿಯೋದವನು ಬಿಡಿಸಿದನಲ್ಲ, ಅದು ಮೋಸ. ಕೊನೆ ಸಲ ಬಂದಾಗ ಇದೇ ಕುರ್ಚಿಯಲ್ಲಿ ಕೂತಿದ್ಳು. ನಾನು ಹೇಳ್ದೆ. ಅವಳು ನಕ್ಕಳು."

ಮಗಳು ಥಟ್ಟನೆ ಕುರ್ಚಿಯಿಂದ ಎದ್ದುನಿಂತಳು.

ಮನೆಗೆ ಬರುವ ದಾರಿಯಲ್ಲಿ, ಬೀದಿ ನಲ್ಲಿಯ ಹತ್ತಿರ ಬಂದಾಗ ಅಪ್ಪ ಕೇಳಿದ, "ಇನ್ನು ತಿಂತೀಯ ತಾನೆ ಪುಟ್ಟಿ?"

"ತುತ್ತು ಎತ್ತಿದ ಕೂಡಲೇ ಕೇಳಿಸುತ್ತಪ್ಪ. 'ನಿನ್ನದೂ ನನ್ನದೇ ಕರುಳು ಕಣೇ, ಹುಷಾರು' ಅಂತ. ಪಕ್ಕದಲ್ಲೇ ನಿಂತು ಹೇಳಿದ ಹಂಗೆ."

ಆ ದನಿ ಅವನಿಗೂ ಕೇಳಿಸುತ್ತಿತ್ತು.

"ಇನ್ನೊಂದಿದೆ," ಅಂದಳು. "ನಾನು ತಿಂದು ನನಗೇನೂ ಆಗದಿದ್ರೆ, ಅಮ್ಮ ಸುಮ್ಮಸುಮ್ಮನೆ ಸತ್ತಂಗಾಯ್ತಲ್ಲ."

ನಲ್ಲಿಯ ಬಾಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ಬಿಗಿಯಾಗಿ ತಿರುಗಿಸಿದ, ಮತ್ತೆ ತಿರುಗಿಸಿದ. "ಆ ಪುಡಿ ತಂದುಕೊಟ್ಟೋನು ನಾನು," ಅಂದ. "ಒಂದಿನಾನೂ ಬೇಡ ಅನ್ನಲಿಲ್ಲ. ಅವಳಿಗೆ ಸಮಾಧಾನ ಆಗ್ಲಿ ಅಂತ ಬಿಟ್ಟೆ. ನಿನ್ನನ್ನ ಹಂಗೆ ಬಿಡಕ್ಕಾಗಲ್ಲ. ಬೈಕೋ ಬೇಕಾದ್ರೆ."

ಅವಳು ಬೈಯಲಿಲ್ಲ. ಮೂಲೆಯ ಅಂಗಡಿಯ ಮುಂದೆ ಅವನು ನಿಂತಾಗ ಅವಳೂ ನಿಂತಳು. ಮೊಟ್ಟೆ ಕೊಂಡರು.

ಸಂಜೆಯಿನ್ನೂ ಬೆಳಕಿತ್ತು. ಅವನೇ ಬೇಯಿಸಿದ. ಎಷ್ಟು ಹೊತ್ತು ಬೇಯಿಸಬೇಕೆಂದು ಮರೆತು ಸ್ವಲ್ಪ ಹೆಚ್ಚೇ ಬೇಯಿಸಿದ. ಅವಳು ಸಿಪ್ಪೆ ಸುಲಿದು, ಉಪ್ಪು ಹಾಕಿ, ಬಾಯಿಯ ಹತ್ತಿರ ತಂದು ಬಾಗಿಲ ಕಡೆ ನೋಡಿದಳು. ಅವನೂ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅವಳು ಕಣ್ಣು ಮುಚ್ಚಿ ಕಚ್ಚಿದಳು, ಅಗಿದಳು, ನುಂಗಿದಳು. ಪೂರ್ತಿ ತಿಂದು ತಟ್ಟೆ ಸರಿಸಿ, ಎರಡೂ ಕೈ ಮೇಜಿನ ಮೇಲಿಟ್ಟು ಕಾದಳು.

ಅವನೂ ಎದುರಿಗೆ ಕೂತು ಕಾದ. ಮೇಲಿನ ಮನೆಯಲ್ಲಿ ಯಾರೋ ಮಂಚ ಎಳೆದರು. ಗೋಡೆಯ ಮೇಲಿದ್ದ ಬಿಸಿಲು ಸರಿಯುತ್ತಾ ಹೋಗಿ ಮೂಲೆಯಲ್ಲಿ ಆರಿತು.

"ಏನೂ ಆಗ್ತಿಲ್ಲಪ್ಪ," ಎಂದಳು.

ಅವನು ದೀಪ ಹಾಕಲು ಏಳಲಿಲ್ಲ. ಅವಳು ಮೇಜಿನ ಮೇಲೆ ಚೆದುರಿದ್ದ ಸಿಪ್ಪೆಯ ಚೂರುಗಳನ್ನು ಕತ್ತಲಲ್ಲಿ ತಡಕಾಡಿ ಒಂದೊಂದಾಗಿ ಅಂಗೈಗೆ ಹಾಕಿಕೊಂಡಳು. ಆಮೇಲೆ ಮುಷ್ಟಿ ಮುಚ್ಚಿದಳು. ಅವು ಪುಡಿಯಾಗುವ ಸಣ್ಣ ಸದ್ದು ಅವನಿಗೆ ಕೇಳಿಸಿತು.