ಹೊತ್ತು ಮುಳುಗಿದ ಮೇಲಿನ ಗುಳಿಗೆ

ತ್ರಿಶಲಾ ನಗುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಹೆಂಡತಿ ಮುನಿಸಿಕೊಂಡಿದ್ದಾಳೆ ಎಂದೇ ಕೊಗನೊಳ್ಳಿಯ ರೈತ ಪಾರಿಸ ತಿಳಿದಿದ್ದ. ತವರಿನ ಮದುವೆಗೆ ಕಳಿಸಲಿಲ್ಲ, ನಿಜ. ಅದಕ್ಕೆ ಇಷ್ಟು ದಿನ ಸಿಟ್ಟೇ? ಚಹಾ ತಂದರೆ ಅರ್ಧ ಕಪ್ಪಿನ ಕೆಳಗಿನ ಬಸಿಯಲ್ಲಿ ಚೆಲ್ಲಿರುತ್ತಿತ್ತು. ರೊಟ್ಟಿ ಬಡಿಯಲು ಕೂತರೆ ತಾಸುಗಟ್ಟಲೆ.

“ಮೋತಿ ನೋಡು, ಗ್ವಾಡಿ ಆಗೇತಿ! ನನ್ನ ಮ್ಯಾಲಿನ ಸಿಟ್ಟ ರೊಟ್ಟಿ ಮ್ಯಾಲೆ ತೆಗೀಬ್ಯಾಡ,” ಎಂದು ಅವಳ ಗೋಡೆಯಂಥ ಮುಖ ನೋಡಿ ಬೈಯುತ್ತಿದ್ದ. ಅವಳು ಏನೋ ಹೇಳುತ್ತಿದ್ದಳು. ದನಿ ತೀರಾ ಸಣ್ಣದಾಗಿತ್ತು. ಕೇಳುವ ವ್ಯವಧಾನ ಅವನಿಗೂ ಇರಲಿಲ್ಲ ಬಿಡಿ.

ಊರಿನ ಆಶಾ ಕಾರ್ಯಕರ್ತೆ ಮುಬೀನಾ ಅವಳ ಬಲಗೈ ನಡುಗುವುದನ್ನು ಕಂಡು, ಹಟ ಹಿಡಿದು ನಿಪ್ಪಾಣಿಯ ಡಾಕ್ಟರಿಗೆ ತೋರಿಸಿದಳು. ಪಾರ್ಕಿನ್ಸನ್ ಕಾಯಿಲೆ ಎಂದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಎಂಟಕ್ಕೆ ಒಂದು ಗುಳಿಗೆ. ತಿಂಗಳೆರಡರಲ್ಲಿ ಅವಳ ಕೈಕಾಲು ಹಗುರಾದವು. ಒಮ್ಮೆ ನಕ್ಕಳು ಕೂಡ.

ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ರಾತ್ರಿ ಗುಳಿಗೆಯ ಜೊತೆಗಿನ ಎರಡು ಗುಟುಕು ನೀರಿಗೆ ಪಾರಿಸ ಹೇಗೋ ಕಣ್ಣು ಮುಚ್ಚಿಕೊಂಡಿದ್ದ. ಆದರೆ ದಶಲಕ್ಷಣ ಪರ್ವ ಬಂತು. ಆ ಹತ್ತು ದಿನ ಅವರ ಮನೆಯಲ್ಲಿ ದಿನಕ್ಕೊಂದೇ ಊಟ, ನೀರೂ ಅದರ ಜೊತೆಗೇ.

“ಒಪ್ಪತ್ತಿನ ಊಟದಾಗ ಮೂರೂ ಗುಳಗಿ ನುಂಗಿಬಿಡು. ಹೊಟ್ಟಿಗೆ ಹೋಗೂದು ಮೂರೇ ಅಲ್ಲೇನು?” ಎಂದ ಪಾರಿಸ.

“ಮುಬೀನಾನ್ನ ಒಂದ ಮಾತ ಕೇಳೂನ್ರಿ.”

“ನಮ್ಮ ವ್ರತದ್ದು ಆಕಿಗೇನ ತಿಳೀತೈತಿ!”

ಮೂರನೆಯ ದಿನ ಮಧ್ಯಾಹ್ನ, ಮೂರು ಗುಳಿಗೆ ಒಟ್ಟಿಗೆ ನುಂಗಿ ಎದ್ದವಳಿಗೆ ಕಣ್ಣು ಕತ್ತಲಿಟ್ಟಿತು. ಬಚ್ಚಲ ಹೊಸ್ತಿಲಲ್ಲಿ ಬಿದ್ದು ಸೊಂಟದ ಎಲುಬು ಮುರಿಯಿತು.

ಮೂರು ಗುಳಿಗೆ ಒಟ್ಟಿಗೆ ನುಂಗಿದ ಸುದ್ದಿ ಕೇಳಿ ಆಸ್ಪತ್ರೆಗೆ ಮುಬೀನಾ ಓಡಿ ಬಂದಳು.

“ಯಾರಿಗೂ ಕೆಟ್ಟ ಬಯಸಿದಾಕಿ ಅಲ್ಲವಾ ನನ್ನ ಹೇಣ್ತಿ. ಈ ಜಡ್ಡ ಆಕಿಗೇ ಯಾಕ ಬಂತು?” ಎಂದ ಪಾರಿಸ.

“ಇದು ಪಾಪದ ಫಲ ಅಲ್ಲ ಕಾಕಾ. ಮೆದುಳಿನ್ಯಾಗ ಕಾವಲ ಕಾಯೂ ಜೀವಕೋಶ ಇರತಾವ. ಹೊಲಸು ಕಂಡ್ರ ಒಂದಕ್ಕೊಂದು ಸುದ್ದಿ ಮುಟ್ಟಿಸಿ, ಅದನ್ನ ತೆಗೆದು ಹಾಕ್ತಾವ. ಈ ಜಡ್ಡಿನ್ಯಾಗ ಆ ಸುದ್ದಿ ನಿಲ್ಲೂದೇ ಇಲ್ಲ. ಕಳ್ಳ ಹ್ವಾದ ಮ್ಯಾಲೂ ಕಾವಲನಾಯಿ ಮನಿ ಮಂದೀನ್ನೇ ಕಡದಂಗ. ಉರಿಯೂತ ಅಂತಾರ ಅದಕ್ಕ. ಕೈಕಾಲು ಆಡಿಸೂ ಜೀವಕೋಶ ಸಾಯಾಕ ಅದೂ ಒಂದು ಕಾರಣ ಅಂತ ಸಂಶೋಧನಾ ಮಾಡೂರು ಹೇಳ್ತಾರ. ಪೂರಾ ಇನ್ನಾ ತಿಳದಿಲ್ಲ.”

“ಹಂಗಾರ ಮೆಡಿಕಲ್‌ನ್ಯಾಗ ಬಾವ ಇಳಿಯೂ ಗುಳಗಿ ತರತೇನಿ.”

ಮುಬೀನಾಗೆ ರೇಗಿತು. “ಮತ್ತ ಶುರು ಆತ ನಿಮ್ಮ ಡಾಕ್ಟರಕಿ! ಆ ಉರಿಯೂತ ನಿಲ್ಲಿಸೂ ಖಾತ್ರಿ ಔಷಧ ಇನ್ನಾ ಬಂದಿಲ್ಲ. ಈಗಿನ ಗುಳಗಿ ಮೆದುಳಿನ್ಯಾಗ ಕಮ್ಮಿ ಬಿದ್ದ, ಕೈಕಾಲು ಆಡಿಸೂ ರಸಾನ್ನ ತುಂಬತೈತಿ. ಹೊತ್ತೊತ್ತಿಗೆ ಕೊಟ್ರಷ್ಟ ಕೆಲಸ. ಒಮ್ಮೆಲೆ ನುಂಗಿದ್ರ ಬಿ.ಪಿ. ಇಳದು ಹಿಂಗ ಬೀಳ್ತಾರ.”

“ಮತ್ತ ವ್ರತ?”

“ಬಿಡ್ರಿ ಅಂತ ಯಾರ ಅಂದಾರ? ರಂಜಾನ್‌ದಾಗ ನಾನೂ ರೋಜಾ ಇಡಾಕಿ. ಮೊದ್ಲ ಡಾಕ್ಟರನ್ನ ಕೇಳಿದ್ರ ದಾರಿ ಹೇಳ್ತಿದ್ರು. ನೀವು ಕೇಳಲಿಲ್ಲ ಕಾಕಾ.”

ಅವತ್ತು ರಾತ್ರಿ ಡಾಕ್ಟರು ಹೇಳಿದ ಹೊತ್ತಿಗೆ ಪಾರಿಸ ತಾನೇ ಹೆಂಡತಿಗೆ ಗುಳಿಗೆ ನುಂಗಿಸಿ, ನೀರು ಕುಡಿಸಿದ.

“ನೋವ ಭಾಳ ಐತೇನು?”

ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ತುಟಿ ಮಾತ್ರ ಅಲ್ಲಾಡಿತು. ಅವನು ಮೊದಲ ಸಲ ಬಗ್ಗಿ ಕಿವಿಗೊಟ್ಟ.

“ಎರಡ ವರ್ಷ ಆತ್ರಿ, ನಿಮಗ ಹೇಳಾಕತ್ತಿ.”

ತ್ರಿಶಲಾ ಈಗ ವಾಕರ್ ಹಿಡಿದೇ ನಡೆಯುತ್ತಾಳೆ. ಈ ಕಥೆ ಕೇಳಿದ ನೀವು ಮನೆಗೆ ಹೋಗಿ ನಿಮ್ಮವರನ್ನು ಒಮ್ಮೆ ಸರಿಯಾಗಿ ನೋಡಿ. ಕೈ ನಡುಗುತ್ತಿದೆಯೇ, ನಡಿಗೆ ನಿಧಾನವಾಗಿದೆಯೇ, ದನಿ ಇಳಿದಿದೆಯೇ? ಮುಖ ಬಿಗಿದಿದ್ದರೆ ಸಿಟ್ಟೆಂದು ಬೈಯಬೇಡಿ, ಡಾಕ್ಟರಿಗೆ ತೋರಿಸಿ. ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಒಟ್ಟಿಗೆ ನುಂಗಿಸಬೇಡಿ. ವ್ರತವಿರಲಿ, ರೋಜಾ ಇರಲಿ, ಮೊದಲು ಡಾಕ್ಟರನ್ನು ಕೇಳಿ. ಅವರು ಮೆಲ್ಲಗೆ ಏನಾದರೂ ಹೇಳುತ್ತಿದ್ದರೆ, ದಯವಿಟ್ಟು ಇವತ್ತೇ ಬಗ್ಗಿ ಕೇಳಿಸಿಕೊಳ್ಳಿ.