ತಿಮ್ಮಕ್ಕ ಹೊರಗೆ ಕೂತ ದಿನ

ತಿಮ್ಮಕ್ಕನ ಗರ್ಭಚೀಲ ತೆಗೆದದ್ದು ಶಿವಮೊಗ್ಗದ ಆಸ್ಪತ್ರೆಯಲ್ಲಿ. ತೆಗೆದೇ ಇಲ್ಲ ಎಂಬ ಸುಳ್ಳು ಹುಟ್ಟಿದ್ದು ಮಾತ್ರ ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ. ಅಜ್ಜಂಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಹೊಲಿಗೆ ಎಳೆಯುತ್ತಿದ್ದುದರಿಂದ ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಗಂಡ ಅಂಜಿನಪ್ಪ ಟೀ ತಂದುಕೊಟ್ಟು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಅವ್ವಂಗೆ ಗಡ್ಡೆ ತೆಗೆದ್ರು ಅಂತ ಅಷ್ಟೇ ಹೇಳಾನ. ಚೀಲದ ಸುದ್ದಿ ಎತ್ತಬ್ಯಾಡ."

"ಗೊತ್ತಾಗ್ಬಿಟ್ರೆ?"

"ಯಾರು ಹೇಳ್ತಾರೆ? ಗೊತ್ತಾದ್ರೆ ಚೌಳಹಿರಿಯೂರಿಂದ ಮಾವನ ಮಗಳನ್ನ ತಂದು ನನ್ನ ಕೊರಳಿಗೆ ಕಟ್ತಾಳೆ. ಆಮೇಲೆ ನಿನ್ನ ಗತಿ ಏನು ನೋಡ್ಕೋ."

ನಿನ್ನ ಗತಿ ಅಂತೆ! ತಂದು ಕಟ್ಟಿದರೆ ಬೇಡ ಅನ್ನಲು ಈ ಮಹಾರಾಯನಿಗೆ ಬಾಯಿ ಇರಲಿಲ್ಲವೇ? ತಿಮ್ಮಕ್ಕನಿಗೂ ಹಾಗೇ ಅನ್ನಿಸಿತು. ಆದರೆ ಒಂದೇ ಒಂದು ಹೆಣ್ಣು ಹೆತ್ತು, ಇನ್ನು ಹೆರಲಾರದ ಹೊಟ್ಟೆ ಹೊತ್ತುಕೊಂಡು ಆ ಮನೆಗೇ ಹೋಗಬೇಕಾದವಳು ಅವಳು. ಟೀ ಕುಡಿದು ಹ್ಞೂ ಅಂದಳು.

ಲೇಡಿ ಡಾಕ್ಟರು ಅವಳಿಗೆ ಎಲ್ಲ ಬಿಡಿಸಿ ಹೇಳಿದ್ದರು. ಚೀಲದ ಜೊತೆಗೆ ಅದರ ಎರಡು ಪಕ್ಕದಲ್ಲಿದ್ದ ಅಂಡಾಶಯಗಳನ್ನೂ ತೆಗೆಯಬೇಕಾಯಿತು, ಇನ್ನು ಮುಟ್ಟು ಬರುವುದಿಲ್ಲ, ಬೇರೆಯವರಿಗೆ ಐವತ್ತರ ಹತ್ತಿರ ನಿಧಾನಕ್ಕೆ ಆಗುವುದು ನಿನಗೆ ಒಂದೇ ಏಟಿಗೆ ಆಗುತ್ತದೆ, ಮೈ ಕುದಿಯುತ್ತದೆ, ನಿದ್ದೆ ಬರುವುದಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ, ಹೆದರಬೇಡ ತಾಯಿ ಅಂದಿದ್ದರು. ತಿಮ್ಮಕ್ಕನಿಗೆ ಆಗಿನ್ನೂ ಮೂವತ್ನಾಲ್ಕು.

ಬುಕ್ಕಾಂಬುಧಿಯ ಮನೆಯಲ್ಲಿ ಅತ್ತೆ ದ್ಯಾಮಮ್ಮ ಸೊಸೆಯನ್ನು ಬಾಣಂತಿಯ ಹಾಗೆ ನೋಡಿಕೊಂಡಳು. ಸುಳ್ಳು ಹೇಳಬಾರದು, ಮುದುಕಿಯ ಬಾಯಿ ಜೋರು, ಆದರೆ ಕೈ ಮೆತ್ತಗೆ. ಕೊಡ ಎತ್ತಲು ಬಿಡಲಿಲ್ಲ, ಸಗಣಿ ಬಾಚಲು ಬಿಡಲಿಲ್ಲ. ಬಿಸಿ ಮುದ್ದೆಗೆ ತುಪ್ಪ ಹಾಕಿ ಎದುರಿಗೇ ಕೂತು ಉಣ್ಣಿಸಿದಳು. "ಹಾಳು ಗಡ್ಡೆ ಹೋಯ್ತಲ್ಲ, ಇನ್ನ ಗಂಡುಮಗ ಆಯ್ತದೆ ಕಣೇ ತಿಮ್ಮಿ," ಅಂದಳು. ತಿಮ್ಮಕ್ಕ ತಟ್ಟೆಯಿಂದ ಕಣ್ಣೆತ್ತದೆ ಉಂಡಳು.

ಆ ಮನೆಯಲ್ಲಿ ಮುಟ್ಟಾದ ಹೆಂಗಸು ಒಳಗೆ ಇರುವಂತಿಲ್ಲ. ಬೀರದೇವರ ಪೂಜೆಯ ಮನೆ. ದನದ ಕೊಟ್ಟಿಗೆಯ ಜಗುಲಿಯ ಮೇಲೆ ಗೋಣಿತಾಟು ಹಾಸಿಕೊಂಡು ಮೂರು ದಿನ ಕೂರಬೇಕು, ಊಟ ನೀರು ಅಲ್ಲಿಗೇ ಬರುತ್ತದೆ, ಯಾರೂ ಮುಟ್ಟುವಂತಿಲ್ಲ. ಎದುರಿಗೇ ಸೇದುವ ಬಾವಿ. ನೀರಿಗೆ ಬಂದವರಿಗೆಲ್ಲ ಯಾವ ಮನೆಯ ಯಾವ ಸೊಸೆ ಯಾವಾಗ ಹೊರಗೆ ಕೂತಳು ಅನ್ನುವುದು ಬಾಯಿಪಾಠ. ಹಾಗಾಗಿ ಮೈ ಸುಧಾರಿಸಿ ಓಡಾಡುವಂತಾದ ಮೇಲೆ ತಿಮ್ಮಕ್ಕ ಮುಟ್ಟಾಗದೆಯೇ ಹೊರಗೆ ಕೂರಬೇಕಾಯಿತು. ಯಾರಿಗೂ ಅನುಮಾನ ಬಾರದಿರಲೆಂದು ಬರೀ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬೇಲಿಯ ಮೇಲೆ ಒಣಗಹಾಕುತ್ತಿದ್ದಳು. ಒಂದು ಕಲೆಯೂ ಇಲ್ಲದ ಆ ಬಟ್ಟೆ ಹಿಂಡುವಾಗ ಅವಳ ಕಣ್ಣು ತುಂಬುತ್ತಿತ್ತು. ವರ್ಷಗಟ್ಟಲೆ ಶಪಿಸಿದ ರಕ್ತಕ್ಕಾಗಿ ಈಗ ಅಳು ಬರುತ್ತದೆ ಅಂದರೆ ಯಾರು ನಂಬುತ್ತಾರೆ?

ಆದರೂ ಆ ಜಗುಲಿಯೇ ಅವಳಿಗೆ ಆಸರೆ. ಎದೆಯಿಂದ ಝಳ ಎದ್ದು ಕುತ್ತಿಗೆ, ಕೆನ್ನೆ, ನೆತ್ತಿಗೆ ಏರಿ, ರವಿಕೆ ತೊಪ್ಪೆಯಾಗಿ, ಮರುಗಳಿಗೆಗೆ ಚಳಿ ಹಿಡಿದು ನಡುಗಿದರೂ ಅಲ್ಲಿ ಕೇಳುವವರಿರಲಿಲ್ಲ. ಅಳು ಬಂದರೆ ಗೋಡೆಗೆ ಮುಖ ತಿರುಗಿಸಿದರಾಯಿತು. ಸಂಜೆಯ ಹೊತ್ತಿಗೆ ಅತ್ತೆ ಮಾತ್ರ ದೂರದಿಂದ ನೀರಿನ ಚೊಂಬು ಇಟ್ಟು, "ಈ ತಿಂಗ್ಳೂ ಹೋಯ್ತಲ್ಲೇ," ಎಂದು ನಿಟ್ಟುಸಿರು ಬಿಟ್ಟು ಒಳಗೆ ಹೋಗುತ್ತಿದ್ದಳು.

ಆಮೇಲೆ ಈರುಳ್ಳಿ ಕೀಳುವ ಕಾಲ ಬಂತು. ಹೊಲದಲ್ಲಿ ಆಳು ಸಾಲದು. ತಿಮ್ಮಕ್ಕ ಬೆಳಗಿನಿಂದ ಈರುಳ್ಳಿ ಕೊಯ್ದು ರಾಶಿ ಹಾಕುವಳು, ರಾತ್ರಿ ನಿದ್ದೆಯಿಲ್ಲ. ತಲೆಯೊಳಗೆ ಮಂಜು ಕವಿದ ಹಾಗೆ. ಒಲೆಯ ಮೇಲೆ ಇಟ್ಟದ್ದು ಮರೆಯುವಳು, ಮಗಳು ಹನುಮಕ್ಕನನ್ನು ಸುಮ್ಮನೆ ಬಯ್ದು ಆಮೇಲೆ ತಬ್ಬಿಕೊಂಡು ಅಳುವಳು. ಈ ಗೋಳಿನಲ್ಲಿ ಒಂದು ತಿಂಗಳು ಹೊರಗೆ ಕೂರುವುದೇ ಮರೆತುಹೋಯಿತು. ಇನ್ನೊಂದು ತಿಂಗಳೂ ಹೋಯಿತು.

ಅವಳು ಮರೆತರೆ ಅತ್ತೆ ಮರೆತಾಳೇ? ಒಂದು ಬೆಳಗ್ಗೆ ದ್ಯಾಮಮ್ಮ ಸೊಸೆಯ ಗಲ್ಲ ಹಿಡಿದೆತ್ತಿ ಕಣ್ಣೊಳಗೆ ನೋಡಿದಳು. ಬೆವರು ನೋಡಿದಳು, ತಲೆ ಸುತ್ತುತ್ತದಾ ಎಂದು ಕೇಳಿದಳು, ಆಪರೇಷನ್ನಿನಿಂದ ಉಬ್ಬಿದ್ದ ಹೊಟ್ಟೆ ನೋಡಿದಳು.

"ಎರಡು ತಿಂಗ್ಳಾಯ್ತಲ್ಲೇ ಕಳ್ಳಿ! ನನ್ನ ಹತ್ರಾನೂ ಬಚ್ಚಿಡ್ತೀಯಾ?"

ತಿಮ್ಮಕ್ಕ ತಲೆ ತಗ್ಗಿಸಿದಳು. ಅತ್ತೆ ಅದನ್ನೂ ನಾಚಿಕೆ ಅಂದುಕೊಂಡಳು. ಮಧ್ಯಾಹ್ನದೊಳಗೆ ಬಾವಿಕಟ್ಟೆಗೆಲ್ಲ ಸುದ್ದಿ ಹೋಯಿತು. ಪಕ್ಕದ ಮನೆಯ ಓಬಮ್ಮ ಹುಳಿ ಮಾವಿನಕಾಯಿ ಉಪ್ಪಿನಕಾಯಿ ತಂದುಕೊಟ್ಟಳು. ದ್ಯಾಮಮ್ಮ ಬೀರದೇವರಿಗೆ ಮರಿ ಬಿಡುತ್ತೇನೆಂದು ಹರಕೆ ಹೊತ್ತಳು.

ಸಂಜೆ ಹೊಲದ ಬದುವಿನ ಮೇಲೆ ತಿಮ್ಮಕ್ಕ ಗಂಡನನ್ನು ಹಿಡಿದು ನಿಲ್ಲಿಸಿದಳು. "ನೀನೇ ಹೇಳು ಅವ್ವಂಗೆ. ನನ್ನ ಕೈಲಾಗಲ್ಲ."

ಅಂಜಿನಪ್ಪ ಹೆಗಲ ಮೇಲಿನ ಟವೆಲು ತೆಗೆದು ಕೊಡವಿ ಮತ್ತೆ ಹಾಕಿಕೊಂಡ. "ಈಗ ಹೇಳಿದ್ರೆ ಇಬ್ರಿಗೂ ಉಗೀತಾಳೆ. ಇನ್ನೊಂದು ವಾರ ಬಿಟ್ಟು ಬಸ್ರು ಇಳ್ದೋಯ್ತು ಅಂದ್ಬಿಡು. ಎಷ್ಟು ಜನಕ್ಕೆ ಇಳಿಯಲ್ಲ?"

ತಿಮ್ಮಕ್ಕ ಅವನನ್ನೇ ನೋಡಿದಳು. ಹುಟ್ಟಲಾರದ ಮಗುವಿಗೆ ತಾನು ಒಳಗೊಳಗೇ ಅತ್ತದ್ದು ಸಾಲದು ಅಂತ, ಇಲ್ಲದ ಮಗುವನ್ನು ಸಾಯಿಸಿ ಅದಕ್ಕೂ ಅಳಬೇಕೇ? ಅವಳಿಗೆ ಮೈಯೆಲ್ಲ ಉರಿಯಿತು, ಈ ಸಲದ ಉರಿ ಆಪರೇಷನ್ನಿನದಲ್ಲ.

"ಥೂ, ನಿನ್ನ!" ಅಂದವಳೇ ಮನೆಗೆ ನಡೆದಳು.

ದ್ಯಾಮಮ್ಮ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಹಚ್ಚಿ ಏನನ್ನೋ ಉಜ್ಜುತ್ತಿದ್ದಳು. ಅದು ಅಂಜಿನಪ್ಪ ಕೂಸಾಗಿದ್ದಾಗ ಹಾಕಿದ್ದ ಬೆಳ್ಳಿಯ ಉಡಿದಾರ. "ನೋಡೇ, ಹೆಂಗೆ ಕಪ್ಪಾಗ್ಬಿಟ್ಟಿತ್ತು," ಎಂದು ಬೆಳಕಿಗೆ ಹಿಡಿದು ತೋರಿಸಿದಳು.

ತಿಮ್ಮಕ್ಕ ಅತ್ತೆಯ ಎದುರು ಕೂತು, ಹುಣಸೆಹಣ್ಣು ಮೆತ್ತಿದ ಆ ಕೈಯನ್ನೇ ಹಿಡಿದು ಸೀರೆ ಸರಿಸಿ ಗಾಯದ ಬರೆಯ ಮೇಲೆ ಇಟ್ಟುಕೊಂಡಳು.

"ಇಲ್ಲಿ ಏನೂ ಇಲ್ಲ ಅತ್ತೆ. ಚೀಲಾನೇ ತೆಗೆದ್ಬಿಟ್ಟವ್ರೆ. ನಂಗೆ ಮುಟ್ಟೂ ಇಲ್ಲ, ಬಸ್ರೂ ಇಲ್ಲ. ಇಷ್ಟು ದಿನ ಹೊರಗೆ ಕೂತಿದ್ದೆಲ್ಲ ಸುಳ್ಳು."

ದ್ಯಾಮಮ್ಮ ಕೈ ತೆಗೆಯಲಿಲ್ಲ. ಬರೆಯನ್ನು ಈ ತುದಿಯಿಂದ ಆ ತುದಿಗೆ ಬೆರಳಿನಿಂದ ಸವರಿ ನೋಡಿದಳು. ಆಮೇಲೆ, "ಯಾಕೆ ಹೇಳ್ಲಿಲ್ಲ?" ಅಂದಳು.

"ಚೌಳಹಿರಿಯೂರಿನ ಹುಡ್ಗೀನ ತರ್ತೀರ ಅಂತ ಭಯ ಆಯ್ತು."

"ತರ್ತಿದ್ದೆ," ಅಂದಳು ದ್ಯಾಮಮ್ಮ. "ಸುಳ್ಳು ಯಾಕೆ ಹೇಳ್ಲಿ, ತಂದೇ ತರ್ತಿದ್ದೆ."

ಉಡಿದಾರವನ್ನು ಸೆರಗಲ್ಲಿ ಒರೆಸಿ, ಹಳೇ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯ ತಳಕ್ಕೆ ಹಾಕಿ ಬಂದಳು. ಅವತ್ತು ಮುದುಕಿ ಉಣ್ಣಲಿಲ್ಲ. ಮಗ ಬಂದು ಅವ್ವಾ ಅಂದರೆ ಮುಖ ಕೊಟ್ಟು ಮಾತಾಡಲಿಲ್ಲ. ಇನ್ನು ತವರಿಗೆ ಹೊರಡು ಅನ್ನುತ್ತಾಳೆ ಎಂದುಕೊಂಡ ತಿಮ್ಮಕ್ಕ ತನ್ನೆರಡು ಸೀರೆ, ಹನುಮಕ್ಕನ ಲಂಗ ಮಡಿಸಿ ಇಟ್ಟುಕೊಂಡಳು.

ಬೆಳಗಾಯಿತು. ದ್ಯಾಮಮ್ಮ ಕಂಕುಳಲ್ಲಿ ಗೋಣಿತಾಟು ಇಟ್ಟುಕೊಂಡು ಬಂದು, ಮಡಿಸಿಟ್ಟ ಸೀರೆಗಳನ್ನು ನೋಡಿ ಗದರಿದಳು.

"ಎಲ್ಲಿಗ್ ಹೊಂಟಿದೀಯೇ ಮೂದೇವಿ? ಎದ್ದು ಹೊರಗೆ ಹೋಗಿ ಕೂತ್ಕೋ."

"ಅತ್ತೆ, ನಂಗೆ ಇಲ್ಲ ಅಂತ ಹೇಳಿದ್ನಲ್ಲ..."

"ನಂಗೆ ಹೇಳಿದೀಯ, ಊರಿಗೆ ಹೇಳಿದೀಯಾ? ಊರ ಬಾಯಿಗೆ ನಿನ್ನ ಹಾಕಿದೋಳು ನಾನು. ಬರಡಾದ್ಲು ಅಂತ ಒಬ್ಳು ಅಂದ್ರೂ ನಂಗೆ ತಡ್ಕೊಳಾಕಾಗಲ್ಲ. ಏಳು."

ಬಿಸಿಲೇರುವ ಹೊತ್ತಿಗೆ ತಿಮ್ಮಕ್ಕ ಜಗುಲಿಯ ಮೇಲೆ ಕೂತಿದ್ದಳು. ಓಬಮ್ಮ ಕೊಡ ಹಿಡಿದು ಬಂದವಳು ಬಾವಿಕಟ್ಟೆಯ ಮೇಲೆ ನಿಂತೇಬಿಟ್ಟಳು. "ಏನಜ್ಜೀ, ಬಸ್ರಿ ಅಂದಿದ್ದೆ? ಸೊಸೆ ಹೊರಗೆ ಕೂತವ್ಳೆ!"

"ನಂಗೇ ಲೆಕ್ಕ ತಪ್ತು ಕಣೇ," ಅಂದಳು ದ್ಯಾಮಮ್ಮ. "ಮುದುಕಿ ನೋಡು, ಆಸೆ. ಆಸೇಲಿ ಬಾಯಿ ತಡೀಲಿಲ್ಲ."

"ಅಯ್ಯೋ ಪಾಪ," ಅಂದ ಓಬಮ್ಮ ನೀರು ಸೇದದೆ ಕಟ್ಟೆಯ ಮೇಲೇ ಕೂತಳು, ಇನ್ನೇನಾದರೂ ಸಿಕ್ಕೀತು ಎಂದು.

ಅದೇ ಹೊತ್ತಿಗೆ ತಿಮ್ಮಕ್ಕನ ಎದೆಯಿಂದ ಝಳ ಎದ್ದಿತು. ಕುತ್ತಿಗೆ ಕೆಂಪಗಾಗಿ, ಹಣೆಯಿಂದ ಬೆವರು ಇಳಿದು ಕಣ್ಣಿಗೆ ಬಂತು. ಊಟದ ತಟ್ಟೆ ತಂದ ದ್ಯಾಮಮ್ಮ ಅದನ್ನು ನೋಡಿದಳು. ಇಷ್ಟು ದಿನ ಬಸಿರಿನದು ಅಂದುಕೊಂಡಿದ್ದ ಆ ಬೆವರು, ಮುಟ್ಟು ನಿಂತಾಗ ತನಗೂ ಬಂದಿದ್ದ ಝಳವೇ ಎಂದು ಮೊದಲ ಸಲ ಅವಳಿಗೆ ತಿಳಿಯಿತು. ಸೆರಗಿನಿಂದ ಸೊಸೆಯ ಮುಖ ಒರೆಸಲು ಕೈ ಮುಂದೆ ಬಂತು, ಬಾವಿಯ ಕಡೆ ನೋಡಿ ಹಿಂದೆ ಹೋಯಿತು. ಹೊರಗೆ ಕೂತವಳನ್ನು ಮುಟ್ಟುವುದನ್ನು ಓಬಮ್ಮ ಕಂಡರೆ ಎಲ್ಲ ಬಯಲಾಗುತ್ತಿತ್ತು.

ದ್ಯಾಮಮ್ಮ ತಟ್ಟೆಯನ್ನು ದೂರದಲ್ಲಿ ಇಟ್ಟು ಒಳಗೆ ಹೋಗಿ ಮೊರ ತಂದಳು. ಹೊಸ್ತಿಲ ಮೇಲೆ ಕೂತು, ನೆಲ್ಲು ಕೇರುವವಳಂತೆ ಎರಡೂ ಕೈಯಲ್ಲಿ ಹಿಡಿದು, ಜಗುಲಿಯ ಕಡೆಗೆ ಗಾಳಿ ಬೀಸತೊಡಗಿದಳು. ಮೊರದಲ್ಲಿ ಒಂದು ಕಾಳೂ ಇರಲಿಲ್ಲ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ನಮ್ಮ ತಮ್ಮಂಗೆ ಹೇಳಿ ಕಳಿಸ್ತೀನಿ," ಅಂದಳು, ಸೊಸೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಆ ಹುಡ್ಗೀಗೆ ಬೇರೆ ಗಂಡು ನೋಡ್ಕಳ್ಳಿ ಅಂತ."

ತಿಮ್ಮಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಳಬ್ಯಾಡ ಕಣೇ, ಓಬಿ ನೋಡ್ತಾವ್ಳೆ. ಉಣ್ಣು." ಮುದುಕಿಯ ದನಿಯೇ ಒಡೆದುಹೋಯಿತು. "ಮುಂದಿನ ತಿಂಗ್ಳು ಹೊರಗೆ ಕೂರಾದು ಮಾತ್ರ ಮರೀಬ್ಯಾಡ. ನಂಗಂತೂ ಇನ್ಮೇಲೆ ದಿನ ಎಣಿಸಾಕೆ ಮನಸ್ಸು ಬರಲ್ಲ."

ಓಬಮ್ಮ ಕೊಡ ತುಂಬಿಕೊಂಡು ಹೋಗುವವರೆಗೂ ಮುದುಕಿ ಬೀಸುತ್ತಲೇ ಇದ್ದಳು.