ಎಣಿಸುತ್ತ ಕುಳಿತವಳು

ನನ್ನ ಮೊಮ್ಮಗಳನ್ನು ಮನೆಯಲ್ಲಿ ವಕೀಲಮ್ಮ ಎಂದು ಕರೆಯುತ್ತಿದ್ದೆವು. ಎಂಟು ವರ್ಷದ ಹುಡುಗಿ. ಹಲ್ಲುಜ್ಜು ಎಂದರೂ ಎರಡು ಪ್ರಶ್ನೆ ಕೇಳದೆ ಉಜ್ಜಿದವಳಲ್ಲ. ಅವಳ ತಾಯಿ, ನನ್ನ ಒಬ್ಬಳೇ ಮಗಳು, ತೀರಿಕೊಂಡು ಐದು ತಿಂಗಳಾಗಿತ್ತು. ಆಗ ಶಾಲೆಯಿಂದ ಕರೆ ಬಂತು. ವಕೀಲಮ್ಮ ಪಕ್ಕದಲ್ಲಿ ಕೂರುವ, ಎಲ್ಲರೂ ಡುಮ್ಮ ಎನ್ನುವ ಹುಡುಗನನ್ನು ತುಟಿ ಒಡೆಯುವಂತೆ ಹೊಡೆದಿದ್ದಳು. ಅವಳು ಕೈ ಮಾಡಿದ್ದು ಅದು ಮೂರನೆಯ ಸಲ.

ಮೂರು ಸಲವೂ ಅದು ನಡೆದದ್ದು ಮನಸ್ಸಿನ ತರಗತಿಯಲ್ಲಿ. ಆ ವರ್ಷ ಶಾಲೆಯವರು ಅದನ್ನು ಹೊಸದಾಗಿ ಆರಂಭಿಸಿದ್ದರು. ದಿನವೂ ಬೆಳಗ್ಗೆ ಮಕ್ಕಳು ಚಾಪೆಯ ಮೇಲೆ ಕುಳಿತು, ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟು ಹತ್ತು ನಿಮಿಷ ತಮ್ಮ ಉಸಿರನ್ನು ಗಮನಿಸಬೇಕು. ಆಮೇಲೆ ಮನಸ್ಸು ಹೇಗಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಕಲಿಸುವಾಕೆ ಪುಟ್ಟ ಗಂಟೆ ಬಾರಿಸಿ ಪಾಠ ತೊಡಗುತ್ತಿದ್ದುದರಿಂದ ಮಕ್ಕಳು ಆಕೆಯನ್ನು ಗಂಟೆ ಮಿಸ್ ಎನ್ನುತ್ತಿದ್ದರು. ಒಳ್ಳೆಯ ಹುಡುಗಿ. ಆ ತರಗತಿ ಬಂದ ಮೇಲೆ ಮಕ್ಕಳ ಜಗಳ ಕಡಿಮೆಯಾಯಿತು ಎಂದು ಗೇಟಿನ ಬಳಿ ತಾಯಂದಿರು ಮಾತಾಡಿಕೊಂಡದ್ದನ್ನು ನಾನೇ ಕೇಳಿದ್ದೆ.

"ಯಾಕೆ ಹೊಡೆದೆ?" ಎಂದು ಅಳಿಯ ತನ್ನ ಮಗಳನ್ನು ಕೇಳಿದ. ಅವನು ಲಿಫ್ಟ್ ರಿಪೇರಿ ಮಾಡುವವನು; ನಾನಿದ್ದದ್ದು ಅವನ ಮನೆಯಲ್ಲೇ. ಆಗಷ್ಟೇ ಕೆಲಸದಿಂದ ಬಂದು ಕೈಯ ಗ್ರೀಸು ಒರೆಸಿಕೊಳ್ಳುತ್ತಿದ್ದ.

"ಡುಮ್ಮ ಉಸಿರು ಬಿಡಲಿಲ್ಲ."

"ತಮಾಷೆಗೆ ಬಿಗಿಹಿಡಿದಿದ್ನಂತೆ ಕಣೇ."

"ತಮಾಷೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಎಲ್ರೂ ಕಣ್ಣು ಮುಚ್ಕೊಂಡ್ರೆ ಯಾರ ಉಸಿರು ನಿಂತಿದೆ ಅಂತ ನೋಡೋರು ಯಾರು?"

"ಅಬ್ಬಾ, ಊರ ಉಸಾಬರಿಯೆಲ್ಲ ನಿಂಗೇ! ನಾಳೆ ಡುಮ್ಮನ ಅಮ್ಮ ಬಂದು ನನ್ನ ಕುತ್ತಿಗೆ ಹಿಸುಕ್ತಾಳೆ. ಆಗ ನನ್ನ ಉಸಿರು ನೋಡ್ಕೋ."

ಅವಳನ್ನು ನಗಿಸಲು ಆಡಿದ ಮಾತು. ಅವಳು ನಗಲಿಲ್ಲ. ಅಪ್ಪನ ಮೂಗಿನ ಕೆಳಗೆ ಎರಡು ಬೆರಳಿಟ್ಟು ನಿಂತುಬಿಟ್ಟಳು. "ಇದೇನು ಹೊಸ ಹುಚ್ಚು, ಮಾವ?" ಎಂದು ಅವನು ನನ್ನ ಕಡೆ ನೋಡಿದ.

ಅದೇನೆಂದು ನನಗೆ ಗೊತ್ತಿತ್ತು. ಮಗಳ ಕೊನೆಯ ದಿನ, ಇನ್ನು ಮಾಡುವುದೇನಿಲ್ಲವೆಂದು ವೈದ್ಯರು ಮನೆಗೆ ಕಳಿಸಿದ್ದರು. ಎಲ್ಲೋ ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡರೆಂದು ಅಳಿಯನಿಗೆ ಕರೆ ಬಂದು ಅವನು ಹೋಗಬೇಕಾಯಿತು. ನಾಲ್ಕು ಗಂಟೆಗೆ ನನ್ನ ಪ್ರಾರ್ಥನೆಯ ಹೊತ್ತು. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟಿದವನು ನಾನು. ಕೆಲಸ ಎಷ್ಟೇ ಇದ್ದರೂ ಆ ಹೊತ್ತನ್ನು ತಪ್ಪಿಸಿದವನಲ್ಲ. ಮೊಮ್ಮಗಳನ್ನು ಹಾಸಿಗೆಯ ಪಕ್ಕ ಕೂರಿಸಿ, "ಅಮ್ಮನ ಉಸಿರು ಎಣಿಸ್ತಾ ಇರು ಪುಟ್ಟ, ಬೇರೆ ಕಡೆ ನೋಡ್ಬೇಡ, ಈಗ ಬಂದೆ" ಎಂದು ಹೇಳಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅರ್ಧ ಗಂಟೆಯ ಮೇಲೆ ಬಂದಾಗ ಅವಳು ಕದಲದೆ ಕೂತಿದ್ದಳು. "ಅಜ್ಜ, ನಾನೂರ ಹನ್ನೆರಡು ಆಯ್ತು. ಅದಾದ್ಮೇಲೆ ಬರ್ತಾನೇ ಇಲ್ಲ. ಕಾಯ್ತಾ ಇದೀನಿ" ಎಂದಳು.

ಓಡಿಬಂದ ಅಳಿಯನಿಗೆ ನಾನು ಹೇಳಿದ್ದು ಬೇರೆ. ಕೈ ಹಿಡಿದುಕೊಂಡು ನಾನೇ ಕೂತಿದ್ದೆ, ಮಗು ಹೊರಗೆ ಆಡುತ್ತಿತ್ತು ಎಂದೆ. "ನೀವಾದ್ರೂ ಜೊತೆಗಿದ್ರಲ್ಲ ಮಾವ" ಎಂದು ಅವನು ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತ. ಅದೊಂದೇ ಮಾತಿನ ಆಸರೆಯಲ್ಲಿ ಅವನು ಐದು ತಿಂಗಳು ದಾಟಿದ್ದ. ಮಗು ನನ್ನ ಸುಳ್ಳನ್ನು ಕೇಳಿಸಿಕೊಂಡಿತ್ತು. ಎಲ್ಲದಕ್ಕೂ ವಾದಿಸುವವಳು ಆ ಒಂದು ವಿಷಯದಲ್ಲಿ ಮಾತ್ರ ಬಾಯಿ ಬಿಡಲಿಲ್ಲ.

ಗುರುವಾರ ನಮ್ಮಿಬ್ಬರನ್ನೂ ಶಾಲೆಗೆ ಕರೆಸಿದರು. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕುಳಿತೆವು. ಗೋಡೆಯ ಮೇಲೆ ಕಾಗದದ ಮುಖಗಳು: ನಗುವುದು, ಅಳುವುದು, ಸಿಟ್ಟಿನದು. ವಕೀಲಮ್ಮ ಹೊರಗೆ ಬೆಂಚಿನ ಮೇಲಿದ್ದಳು.

ಹೆಡ್‌ಮಿಸ್ ಒಂದು ಅರ್ಜಿಯನ್ನು ಮುಂದೆ ತಳ್ಳಿದರು. "ಇಂಥ ಮಕ್ಕಳಿಗೇ ಅಂತ ಬೇರೆ ಶಾಲೆ ಇದೆ. ಅಲ್ಲೇ ಹಾಸ್ಟೆಲ್ಲು. ಉಳಿದ ಮಕ್ಕಳನ್ನೂ ನಾನು ನೋಡ್ಬೇಕಲ್ಲ?"

"ಇನ್ನೊಂದು ಸ್ವಲ್ಪ ದಿನ ನೋಡೋಣ ಮೇಡಂ" ಎಂದಳು ಗಂಟೆ ಮಿಸ್. "ಕಣ್ಣು ಮುಚ್ಚಿದ ತಕ್ಷಣ ಅವಳು ನಡುಗ್ತಾಳೆ. ಏನೋ ಎಣಿಸ್ತಾಳೆ. ನಾನು ಮಾಡಿಸ್ತಿರೋದೇ ತಪ್ಪೇನೋ. ಯಾಕೆ ಅಂತ ಗೊತ್ತಾದ್ರೆ ಬೇರೆ ದಾರಿ ಹುಡುಕಬಹುದು. ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ ಮಿಸ್" ಎಂದ ಅಳಿಯ. ಪೆನ್ನು ತೆಗೆದುಕೊಂಡ. ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡ.

ನಾನು ಮನಸ್ಸಿನಲ್ಲೇ ದೇವರನ್ನು ಕರೆದೆ. ಬಾಯಿ ಬಿಡಬೇಕಾದವನು ನಾನಾಗಿದ್ದೆ. ಬಿಟ್ಟೆ. ಒಳಕೋಣೆ, ಬಾಗಿಲು, ನಾನೂರ ಹನ್ನೆರಡು, ಎಲ್ಲವನ್ನೂ ಹೇಳಿದೆ.

ಅಳಿಯ ಪೆನ್ನು ಕೆಳಗಿಟ್ಟ. "ನೀವಿದ್ರಿ ಅಂದಿದ್ರಲ್ಲ ಮಾವ" ಎಂದ. ಎರಡನೆಯ ಸಲವೂ ಅದನ್ನೇ ಅಂದ.

ಗಂಟೆ ಮಿಸ್ ಕಣ್ಣೊರೆಸಿಕೊಂಡಳು. "ಅವಳಿಗೆ ಇನ್ನು ಉಸಿರು ಗಮನಿಸೋ ಪಾಠ ಬೇಡ. ಕಣ್ಣು ತೆರೆದೇ ಕೂರಲಿ. ಪಾದ ನೆಲಕ್ಕೆ ತಾಗೋದು, ಹೊರಗಿನ ಸದ್ದು, ಅಷ್ಟು ಸಾಕು. ಆದ್ರೆ ಅವಳ ಕೆಲಸ ಮುಗೀತು ಅಂತ ಯಾರಾದ್ರೂ ಅವಳಿಗೆ ಹೇಳ್ಬೇಕು. ಅದು ನೀವೇ ಆಗ್ಬೇಕು ಅಜ್ಜ." ಹೆಡ್‌ಮಿಸ್ ಅರ್ಜಿಯನ್ನು ಹಿಂದಕ್ಕೆ ಎಳೆದುಕೊಂಡರು.

ಹೊರಗೆ ಬಂದು ಬೆಂಚಿನ ಮುಂದೆ ಮಂಡಿಯೂರಿದೆ. ಅಳಿಯ ಬಾಗಿಲಲ್ಲೇ ನಿಂತ.

"ಪುಟ್ಟ, ನೀನು ಸರಿಯಾಗೇ ಎಣಿಸಿದೆ. ಅಮ್ಮನ ಉಸಿರು ನಿಂತಿದ್ದು ನಿನ್ನ ತಪ್ಪಿಂದಲ್ಲ. ಇನ್ನು ಯಾರದ್ದೂ ನೋಡ್ಬೇಕಾಗಿಲ್ಲ."

ಅವಳು ಬೆಂಚಿನಿಂದ ಇಳಿದಳು. "ನಿಲ್ಲುತ್ತೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೋದೆ?"

"ಪ್ರಾರ್ಥನೆಗೆ."

"ಅಮ್ಮನ ಪಕ್ಕ ಕೂತ್ಕೊಂಡು ಮಾಡಿದ್ರೆ ದೇವರಿಗೆ ಕೇಳಿಸ್ತಿರಲಿಲ್ವಾ?"

"ಕೇಳಿಸ್ತಿತ್ತು. ನಂಗೆ ಭಯ ಆಯ್ತು ಪುಟ್ಟ. ನೋಡೋಕೆ ಆಗ್ಲಿಲ್ಲ."

"ನಂಗೂ ಭಯ ಆಗಿತ್ತು" ಎಂದಳು. ಆಮೇಲೆ ಅತ್ತಳು. ಐದು ತಿಂಗಳಲ್ಲಿ ಅವಳು ಅತ್ತದ್ದು ಅದೇ ಮೊದಲು. ಕೈ ಚಾಚಿದೆ. ಅವಳು ನನ್ನನ್ನು ದಾಟಿ ಓಡಿಹೋಗಿ ಅಪ್ಪನ ಸೊಂಟ ತಬ್ಬಿದಳು. ಅವನು ಅವಳನ್ನು ಎತ್ತಿಕೊಂಡ. "ಮನೆ ಕೀಲಿಕೈ ಕೊಡಿ ಮಾವ" ಎಂದ. ಕೊಟ್ಟೆ.

ಅವಳು ಅದೇ ಶಾಲೆಯಲ್ಲಿ ಉಳಿದಳು. ಈಗ ಯಾರಿಗೂ ಹೊಡೆಯುವುದಿಲ್ಲವಂತೆ, ಡುಮ್ಮನ ಜೊತೆ ತಿಂಡಿ ಹಂಚಿಕೊಳ್ಳುತ್ತಾಳಂತೆ. ಗಂಟೆ ಮಿಸ್ ಸಿಕ್ಕಾಗ ಹೇಳುತ್ತಾಳೆ. ನಾನು ಅಂದಿನಿಂದ ನನ್ನ ಅಕ್ಕನ ಮಗನ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ನಾಲ್ಕು ಗಂಟೆಗೆ ಈಗಲೂ ಕೂರುತ್ತೇನೆ, ಬಾಗಿಲು ತೆರೆದಿಟ್ಟು.